ರಜೆ ಹಾಕಿ ಎಣಿಸಲು ಹೊರಟವರು

ನಾಗರಹೊಳೆಗೆ ಹೋಗಿ ಬಂದವರನ್ನು ನಂಟರು ಮೊದಲು ಕೇಳುವುದು ಒಂದೇ: ‘ಹುಲಿ ಕಂಡಿತಾ?’ ಆರು ದಿನ ಕಾಡಲ್ಲಿ ನಡೆದೆ, ಹುಲಿಯ ಬಾಲವೂ ಕಾಣಲಿಲ್ಲ, ಹಿಕ್ಕೆ ಲದ್ದಿ ಬರೆದುಕೊಂಡು ಬಂದೆ ಎಂದರೆ ನಕ್ಕುಬಿಡುತ್ತಾರೆ. ಹುಣಸೂರು, ಎಚ್.ಡಿ. ಕೋಟೆ ಕಡೆಯ ಕಾಡಿಗೆ ರಜೆ ಹಾಕಿ ಬರುವ ಸ್ವಯಂಸೇವಕರ ಕೆಲಸ ಹೆಚ್ಚುಕಡಿಮೆ ಅದೇ.

1986ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಹುಲಿಗಳ ಅಧ್ಯಯನ ಶುರುಮಾಡಿದಾಗ ಕೆ.ಎಂ. ಚಿಣ್ಣಪ್ಪ ನಾಗರಹೊಳೆಯ ರೇಂಜರ್. ಹುಲಿ ಉಳಿಯುವುದು ಅದು ತಿನ್ನುವ ಜಿಂಕೆ, ಕಡವೆ, ಕಾಟಿಯ ಮೇಲೆ. ಹಾಗಾಗಿ ಅವುಗಳ ಎಣಿಕೆ ಬೇಕಾಯಿತು. ಬೇರೆ ಬೇರೆ ಉದ್ಯೋಗದವರು ತರಬೇತಿ ಪಡೆದು ಈ ಎಣಿಕೆಗೆ ಹೆಗಲು ಕೊಡುತ್ತ ಬಂದರು.

ಕೆಲಸ ಹೀಗೆ. ಬೆಳಕು ಹರಿಯುವ ಹೊತ್ತಿಗೆ ಕಾಡಿನಲ್ಲಿ ಗಿಡಗಂಟಿ ಸವರಿಟ್ಟ ನೇರ ಗೆರೆಯ ಮೇಲೆ ನಡಿಗೆ. ಮಾತಿಲ್ಲ. ಮುಂದಿರುವ ವಾಚರ್ ಕೈ ಎತ್ತಿದರೆ ನಿಲ್ಲಬೇಕು. ಜಿಂಕೆ ಹಿಂಡು ಕಂಡು ‘ಅಬ್ಬಾ’ ಎನ್ನುವಂತಿಲ್ಲ. ಎಷ್ಟು ತಲೆ, ಎಷ್ಟು ಮೀಟರ್ ದೂರ, ದಿಕ್ಸೂಚಿಯಲ್ಲಿ ಎಷ್ಟು ಡಿಗ್ರಿ, ಬರೆಯಬೇಕು. ಗೆರೆಯಿಂದ ದೂರವಾದಷ್ಟೂ ಪ್ರಾಣಿ ಕಣ್ತಪ್ಪುವುದು ಹೆಚ್ಚು. ಹಾಗೆ ತಪ್ಪಿಹೋದವೆಷ್ಟು ಎಂದು ಈ ದೂರ, ಕೋನಗಳಿಂದಲೇ ಲೆಕ್ಕ ಹಾಕುತ್ತಾರೆ. ಅಂದಾಜಿಗೆ ಒಂದು ಅಂಕಿ ಗೀಚಿದರೆ ಅಂದಿನ ನಡಿಗೆಯೇ ದಂಡ.

ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಮೂರು ದಿನ ಹೆಜ್ಜೆ, ಹಿಕ್ಕೆಗಳ ಹುಡುಕಾಟ, ಮೂರು ದಿನ ಎರಡು ಕಿಲೋಮೀಟರಿನ ಗೆರೆ ನಡಿಗೆ. 2022ರ ಗಣತಿಯಲ್ಲಿ ನಾಗರಹೊಳೆಗೆ ಬಂದ ಅಂಕಿ 141 ಹುಲಿ. ಅದನ್ನು ಕೊಟ್ಟದ್ದು ಕ್ಯಾಮೆರಾ ಟ್ರ್ಯಾಪ್. ಅದರ ಹಿಂದೆ ಈ ಕಾಲ್ನಡಿಗೆಯೂ ಇದೆ. ರೆಸಾರ್ಟಿನಲ್ಲಿ ಉಳಿದು, ಒಂದು ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುವುದನ್ನೂ ಈಗೀಗ ‘ಸೇವೆ’ ಎನ್ನುತ್ತಾರೆ. ನನಗೆ ಅದು ಬಿಲ್ಲಿನಲ್ಲಿ ಸೇರಿಸಿದ ಇನ್ನೊಂದು ಸಾಲಿನಂತೆ ಕಾಣುತ್ತದೆ.

ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಕಾಡಿನ ಗಣತಿ ದಕ್ಕದು, 18 ತುಂಬಿರಬೇಕು. ಅವರಿಗೆ ಕೆರೆಗಳಿವೆ, ಅಲ್ಲಿ ನೀರುಹಕ್ಕಿ ಎಣಿಸಬಹುದು. ಇರ್ಪು ಕಡೆಯಿಂದ ಇಳಿವ ಲಕ್ಷ್ಮಣತೀರ್ಥ ಹುಣಸೂರನ್ನು ದಾಟಿ, ಕೆ.ಆರ್. ನಗರದ ಸೀಮೆಯಲ್ಲಿ ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ದಾರಿಯಲ್ಲಿ ಹನಗೋಡು ಅಣೆಕಟ್ಟೆಯಿಂದ ಕಾಲುವೆ ಹಿಡಿದ ನೀರು ಊರೂರ ಕೆರೆ ತುಂಬಿಸುತ್ತದೆ. ಪಿರಿಯಾಪಟ್ಟಣದ ಕಡೆಯೂ ಕೆರೆಗೆ ಬರವಿಲ್ಲ. ಏಷ್ಯಾದ ನೀರುಹಕ್ಕಿ ಗಣತಿ ಭಾರತದಲ್ಲಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ. ಅದಕ್ಕೆ ವಯಸ್ಸಿನ ಹಂಗಿಲ್ಲ.

ಹಣೆಯ ಮೇಲೆ ಬಿಳಿ ನಾಮವಿಟ್ಟ ನಾಮಕೋಳಿಯನ್ನು ಮಗು ಒಂದೇ ಬೆಳಗ್ಗೆ ಕಲಿಯುತ್ತದೆ. ಗೋಳಾಡಿಸುವುದು ಗುಳುಮುಳುಕ. ಇಲ್ಲಿ ಮುಳುಗಿ ಅಲ್ಲೆಲ್ಲೋ ಎದ್ದು, ಎಣಿಸಿದ್ದನ್ನೇ ಮತ್ತೆ ಎಣಿಸುವಂತೆ ಮಾಡುತ್ತದೆ. ಅಪ್ಪ ಹೇಳಿದ್ದು ಏಳು, ಮಗಳು ಹೇಳಿದ್ದು ಐದು ಎಂದಾದರೆ, ಇಬ್ಬರೂ ಸುಮ್ಮನೆ ಕೂತು ಮತ್ತೆ ಎಣಿಸಿ.

ಕಾಡಿನ ಗಣತಿಗೆ ಮನಸ್ಸಿದ್ದವರು ಅರಣ್ಯ ಇಲಾಖೆಯ ಪ್ರಕಟಣೆ ಗಮನಿಸುತ್ತಿರಿ. ಕೆರೆಗಾದರೆ ಮನೆಗೊಂದು ದುರ್ಬೀನು, ಒಂದು ನೋಟುಬುಕ್ಕು ಸಾಕು. ಬೆಳಗ್ಗೆ ಏಳರೊಳಗೆ ಏರಿಯ ಮೇಲಿರಿ. ಬಿಸಿಲೇರಿದರೆ ನೀರು ಕಣ್ಣು ಕೋರೈಸಿ, ಎಣಿಕೆ ಕೆಡುತ್ತದೆ.