ಮರಿಹಾವಿನ ಕೆಂಪು ಕಣ್ಣು



“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುತ್ತಿದ್ದೆ. ಹುಡುಗನೊಬ್ಬ ಕೈಯೆತ್ತಿ, “ಟೀಚರ್, ನಮ್ಮ ಮನೆಯ ಹಾವಿಗೆ ಈ ಗಾದೆ ಹೊಂದುವುದಿಲ್ಲ” ಎಂದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ನಿಜವಾಗಿತ್ತು.

ಅವರ ಮನೆಯಲ್ಲಿ ಎರಡು ಕಾರ್ನ್ ಸ್ನೇಕ್‌ಗಳಿವೆ. ಎರಡಕ್ಕೂ ಕಿತ್ತಳೆ ಮೈ, ಅದರ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆಗಳು. ಹೆಣ್ಣು ಹಾವು 14 ಮೊಟ್ಟೆ ಇಟ್ಟಿತು. ಎರಡು ತಿಂಗಳಿಗೆ ಮರಿಗಳು ಹೊರಬಂದಾಗ 11 ಮರಿಗಳಲ್ಲಿ ಕಪ್ಪು ಬಣ್ಣವಿತ್ತು. ಉಳಿದ ಮೂರರ ಮೈಮೇಲೆ ಕಪ್ಪಿನ ಸುಳಿವೇ ಇಲ್ಲ, ಕಣ್ಣು ಕೆಂಪು! ಅವನ ತಾಯಿ ನನ್ನನ್ನು ಕೇಳಿದರು: “ಇದು ರೋಗವೇ ಮೇಡಂ? ಮಾರಿದವರು ನಮಗೆ ಮೋಸ ಮಾಡಿದರೇ?” ನಾನು ಭಾಷೆ ಕಲಿಸುವವಳು, ವಿಜ್ಞಾನದ ಶಿಕ್ಷಕಿಯಲ್ಲ. ಆದರೂ ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಈ ಹಾವು ಯಾವುದು?

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ವಿಷವಿಲ್ಲ. ಇಲಿಗಳನ್ನು ಸುತ್ತಿ ಬಿಗಿದು ಕೊಂದು ತಿನ್ನುತ್ತದೆ. ಸಾಧು ಸ್ವಭಾವದ್ದಾದ್ದರಿಂದ ಇಲ್ಲಿ ಅನೇಕರು ಸಾಕುತ್ತಾರೆ. ಊರಿನಲ್ಲಿ ಹೀಗೆ ಮಾಡಲು ಹೋಗಬೇಡಿ ಮಕ್ಕಳೇ! ನಮ್ಮ ಕೇರೆ ಹಾವು, ನಾಗರಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವುಗಳನ್ನು ಹಿಡಿದು ಸಾಕುವುದು ಅಪರಾಧ.

ಮನುಷ್ಯರ ಚರ್ಮ ಮತ್ತು ಕೂದಲಿನ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಕಾರ್ನ್ ಸ್ನೇಕ್‌ನ ಚರ್ಮದಲ್ಲಿ ಕಪ್ಪು ಮೆಲನಿನ್ ಜೊತೆಗೆ ಕೆಂಪು, ಹಳದಿ ವರ್ಣದ್ರವ್ಯಗಳೂ ಇವೆ. ಆದ್ದರಿಂದ ಕಪ್ಪು ಮಾತ್ರ ಇಲ್ಲವಾದರೆ ಹಾವು ಪೂರ್ತಿ ಬೆಳ್ಳಗಾಗುವುದಿಲ್ಲ. ಕೆಂಪು, ಕಿತ್ತಳೆ ಉಳಿಯುತ್ತವೆ. ಇಂಥ ಹಾವನ್ನು ‘ಅಮೆಲ್’ ಎನ್ನುತ್ತಾರೆ. ಆ ಮೂರು ಮರಿಗಳೂ ಅಮೆಲ್‌ಗಳೇ.

ಅಡಗಿರುವ ಅಕ್ಷರ

ಪ್ರತಿ ಗುಣಕ್ಕೂ ಮರಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ವಂಶವಾಹಿಗಳು ಬರುತ್ತವೆ. ಕಪ್ಪು ಬಣ್ಣ ಮಾಡಬಲ್ಲ ವಂಶವಾಹಿಯನ್ನು ‘ಕ’ ಎಂದೂ, ಮಾಡಲಾರದ್ದನ್ನು ‘ಬ’ ಎಂದೂ ಕರೆಯೋಣ. ಒಂದು ‘ಕ’ ಇದ್ದರೂ ಸಾಕು, ಕಪ್ಪು ಬರುತ್ತದೆ. ಆದ್ದರಿಂದ ‘ಕ’ ಪ್ರಬಲ, ‘ಬ’ ದುರ್ಬಲ.

ಲೋಪಸಂಧಿ ನೆನಪಿದೆಯೇ? ಊರು + ಅಲ್ಲಿ = ಊರಲ್ಲಿ. ಸೇರಿದಾಗ ‘ಉ’ಕಾರ ಕಾಣುವುದಿಲ್ಲ, ಬಿಡಿಸಿದಾಗ ಮತ್ತೆ ಸಿಗುತ್ತದೆ. ‘ಕಬ’ ಹಾವಿನಲ್ಲಿ ‘ಬ’ ಇರುವುದೂ ಹೀಗೆಯೇ. ಹೊರಗೆ ಕಾಣದು, ಮುಂದಿನ ಪೀಳಿಗೆಗೆ ಹೋಗಬಲ್ಲದು. ಸಾಕುವವರು ಇಂಥ ಹಾವನ್ನು ‘ಹೆಟ್’ ಎಂದು ಕರೆಯುತ್ತಾರೆ.

ತಂದೆ ‘ಕಬ’, ತಾಯಿಯೂ ‘ಕಬ’ ಆದರೆ ಮರಿ ಕಕ, ಕಬ, ಬಕ ಅಥವಾ ಬಬ ಆಗಬಹುದು. ಮೊದಲ ಮೂರರಲ್ಲಿ ಕಪ್ಪು ಇದೆ. ‘ಬಬ’ ಮಾತ್ರ ಅಮೆಲ್. ಅಂದರೆ ನಾಲ್ಕರಲ್ಲಿ ಒಂದು ಸಾಧ್ಯತೆ. 14 ಮೊಟ್ಟೆಗಳಲ್ಲಿ 3 ಬಂದದ್ದು ಈ ಲೆಕ್ಕಕ್ಕೆ ಹತ್ತಿರವೇ. ಆದರೆ ಇದು ಖಾತ್ರಿಯಲ್ಲ. ನಾಣ್ಯ ಚಿಮ್ಮಿದಂತೆ, ಪ್ರತಿ ಮೊಟ್ಟೆಗೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಉಳಿದ 11 ಮರಿಗಳಲ್ಲಿ ‘ಬ’ ಅಡಗಿರುವುದು ಯಾವುದರಲ್ಲಿ? ನೋಡಿ ಹೇಳಲಾಗದು. ಕಪ್ಪು ಇರುವ ಮೂರು ಬಗೆಗಳಲ್ಲಿ ಎರಡರಲ್ಲಿ ‘ಬ’ ಇದೆ. ಮಾರುವವರ ಡಬ್ಬಿಯ ಮೇಲೆ ‘ಶೇ. 66 ಹೆಟ್’ ಎಂದು ಬರೆದಿದ್ದರೆ ಅದರ ಅರ್ಥ ಇಷ್ಟೇ: ಮೂರರಲ್ಲಿ ಎರಡು ಪಾಲು ಸಾಧ್ಯತೆ.

ಇದು ಊಹೆಯಲ್ಲ. 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಇಂಥ ಕಪ್ಪಿಲ್ಲದ ಗಂಡು ಹಾವೊಂದು ಸಿಕ್ಕಿತು. ಚರ್ಮರೋಗ ವೈದ್ಯ ಬರ್ನಾರ್ಡ್ ಬೆಕ್ಟೆಲ್ ಅದನ್ನು ಸಾಮಾನ್ಯ ಹೆಣ್ಣಿನೊಂದಿಗೆ ಕೂಡಿಸಿದಾಗ ಎಲ್ಲ ಮರಿಗಳೂ ಸಾಮಾನ್ಯವಾಗಿದ್ದವು. ಮುಂದಿನ ಪೀಳಿಗೆಯಲ್ಲಿ ಕೆಂಪು ಕಣ್ಣು ಮರಳಿ ಬಂತು. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮವೇ ಇಲ್ಲಿಯೂ ನಡೆದಿತ್ತು. ಈ ಫಲಿತಾಂಶ 1962ರಲ್ಲಿ ಪ್ರಕಟವಾಯಿತು.

ಎರಡು ಗುಣ ಸೇರಿದಾಗ

ಕೆಂಪು ಬಣ್ಣವಿಲ್ಲದ, ಬೂದು-ಕಪ್ಪು ಹಾವಿಗೆ ‘ಅನೆರಿ’ ಎಂದು ಹೆಸರು. ಇದೂ ದುರ್ಬಲ ಗುಣ, ಆದರೆ ವಂಶವಾಹಿ ಬೇರೆ. ಅಮೆಲ್ ಮತ್ತು ಅನೆರಿ ಎರಡೂ ಒಂದೇ ಮರಿಯಲ್ಲಿ ಸೇರಿದರೆ ತಿಳಿಗುಲಾಬಿ ಛಾಯೆಯ ಬಿಳಿ ಹಾವು, ‘ಸ್ನೋ’. ತಂದೆ ತಾಯಿ ಇಬ್ಬರಲ್ಲೂ ಎರಡೂ ಗುಣ ಅಡಗಿದ್ದರೆ ನಾಲ್ಕರಲ್ಲಿ ಒಂದರ ನಾಲ್ಕರಲ್ಲಿ ಒಂದು, ಅಂದರೆ 16ರಲ್ಲಿ ಒಂದು ಸಾಧ್ಯತೆ.

ಇನ್ನೊಂದು ಸೋಜಿಗ. ‘ಚಾರ್‌ಕೋಲ್’ ಎಂಬ ಹಾವೂ ಬೂದು ಬಣ್ಣದ್ದೇ, ಆದರೆ ಅದರ ವಂಶವಾಹಿ ಮತ್ತೊಂದು. ಅನೆರಿಯನ್ನೂ ಚಾರ್‌ಕೋಲನ್ನೂ ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯವಾಗಿ ಕಿತ್ತಳೆ-ಕೆಂಪೇ! ಒಬ್ಬರಲ್ಲಿ ಇಲ್ಲದ್ದನ್ನು ಇನ್ನೊಬ್ಬರು ತುಂಬಿಕೊಡುತ್ತಾರೆ.

ಬಣ್ಣಕ್ಕಿಂತ ದೊಡ್ಡ ಮಾತು

ಆ ತಾಯಿಯ ಪ್ರಶ್ನೆಗೆ ಬರೋಣ. ಮಾರಿದವರು ಮೋಸ ಮಾಡಿರಲಿಲ್ಲ. ಎರಡು ಹಾವುಗಳೂ ಒಂದೇ ಕಡೆ, ಒಂದೇ ದಿನ ತಂದವು, ಒಡಹುಟ್ಟಿದವು. ಅದರಿಂದಲೇ ಇಬ್ಬರಲ್ಲೂ ಒಂದೇ ಗುಣ ಅಡಗಿತ್ತು. ಬಣ್ಣವಾದರೆ ಚಿಂತೆಯಿಲ್ಲ. ಆದರೆ ‘ಸ್ಟಾರ್‌ಗೇಜರ್’ ಎಂಬ ನರದೋಷವೂ ಹೀಗೆಯೇ ಅಡಗಿ ಬರುತ್ತದೆ. ಅದು ತಗುಲಿದ ಮರಿ ತಲೆಯನ್ನು ಮೇಲಕ್ಕೆ ತಿರುಚಿಕೊಂಡು, ನೆಟ್ಟಗೆ ಹರಿಯಲಾರದೆ ಒದ್ದಾಡುತ್ತದೆ. ಅಪರೂಪದ ಬಣ್ಣದ ಆಸೆಗೆ ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಹೋದರೆ ಇಂಥ ದೋಷಗಳೂ ಜೊತೆಗೂಡುತ್ತವೆ. ಮೇಲಾಗಿ ಪ್ರತಿ ಮರಿಯೂ 15-20 ವರ್ಷ ಬದುಕಬಲ್ಲದು. ಅಷ್ಟು ಮರಿಗಳಿಗೆ ಮನೆ ಎಲ್ಲಿ?

ಪೋಷಕರಿಗೆ ಒಂದು ಮಾತು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇದೆ. ವೈದ್ಯರು ಅದರ ಬಗ್ಗೆ ಎಚ್ಚರಿಸುವುದೂ ಇದೇ ಕಾರಣಕ್ಕೆ. ರಕ್ತಸಂಬಂಧಿಗಳಲ್ಲಿ ಒಂದೇ ದುರ್ಬಲ ಗುಣ ಅಡಗಿರುವ ಸಂಭವ ಹೆಚ್ಚು.

ಕೊನೆಯದಾಗಿ, 2015ರಲ್ಲಿ ಜಿನೀವಾದ ವಿಜ್ಞಾನಿಗಳು ಅಮೆಲ್ ಹಾವಿನಲ್ಲಿ ಕೆಟ್ಟಿರುವ ವಂಶವಾಹಿಯನ್ನು ಗುರುತಿಸಿದರು. ಅದರ ಹೆಸರು ಒಸಿಎ2. ಮನುಷ್ಯರಲ್ಲಿ ಒಂದು ಬಗೆಯ ಆಲ್ಬಿನಿಸಂಗೆ ಕಾರಣವಾಗುವುದೂ ಅದೇ ವಂಶವಾಹಿ! ಬಿಳಿ ಕೂದಲು, ಬಿಳಿ ಚರ್ಮದ ಮಗು ಹುಟ್ಟಿದರೆ ಊರಿನಲ್ಲಿ ಇಂದಿಗೂ ‘ಯಾವ ಪಾಪದ ಫಲವೋ’ ಎನ್ನುವವರಿದ್ದಾರೆ. ಅದು ಪಾಪವಲ್ಲ, ಅಂಟುರೋಗವಲ್ಲ, ತಾಯಿಯ ತಪ್ಪೂ ಅಲ್ಲ. ಬಿಸಿಲಿನಿಂದ ರಕ್ಷಣೆ, ಕಣ್ಣಿಗೆ ಸರಿಯಾದ ಆರೈಕೆ, ತರಗತಿಯಲ್ಲಿ ಮುಂದಿನ ಬೆಂಚು, ಜೊತೆಗೆ ಗೆಳೆತನ: ಆ ಮಗುವಿಗೆ ಬೇಕಾದದ್ದು ಇಷ್ಟು.

ಗಾದೆ ಸುಳ್ಳಲ್ಲ ಮಕ್ಕಳೇ. ಸೀರೆ ನೂಲಿನಂತೆಯೇ ಇದೆ. ಕೆಲವು ಎಳೆಗಳು ಮಾತ್ರ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.