ಬಾಲಮಂದಿರದಿಂದ ಬಾಡಿಗೆ ಮನೆಗೆ

ತಂದೆ-ತಾಯಿಯನ್ನು ಕಳೆದುಕೊಂಡ, ಮನೆಯವರು ಕೈಬಿಟ್ಟ, ಅಥವಾ ಮನೆಯಲ್ಲಿ ಉಳಿಸುವುದು ಕ್ಷೇಮವಲ್ಲವೆಂದು ಕಂಡುಬಂದ ಮಕ್ಕಳ ಹೊಣೆಯನ್ನು ಸರ್ಕಾರವೇ ಹೊರಬೇಕೆಂಬುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ ಆಶಯ. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿಯೋ ಅರಕಲಗೂಡಿನ ಸಂತೆಯಲ್ಲಿಯೋ ದಿಕ್ಕಿಲ್ಲದೆ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಎಂದರೆ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ, ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳ ಪೀಠದ ಮುಂದೆ ಹಾಜರುಪಡಿಸಬೇಕು. ಸಮಿತಿ ಆ ಮಗುವನ್ನು ಬಂಧುಗಳಿಗೆ ಒಪ್ಪಿಸಬಹುದು, ಹಾಸನದಲ್ಲಿರುವಂಥ ಸರ್ಕಾರಿ ಬಾಲಮಂದಿರಕ್ಕೋ ನೋಂದಾಯಿತ ಖಾಸಗಿ ಮಕ್ಕಳ ಗೃಹಕ್ಕೋ ಕಳುಹಿಸಬಹುದು, ಇಲ್ಲವೇ ದತ್ತು ಕೊಡದೆ ಬೇರೊಂದು ಕುಟುಂಬದಲ್ಲಿ ಬೆಳೆಸುವ ಪೋಷಕತ್ವ ವ್ಯವಸ್ಥೆಗೆ ಒಳಪಡಿಸಬಹುದು. ಈ ದಾರಿಗಳಲ್ಲಿ ಮಗು ಹೇಗೆ ಒಳಬರುತ್ತದೆ ಎಂಬುದನ್ನು ಕಾನೂನು ವಿವರವಾಗಿ ಬರೆದಿದೆ. ಹೊರಹೋಗುವ ದಾರಿಯ ಬಗ್ಗೆ ಅದು ಅಷ್ಟು ಗಟ್ಟಿಯಾಗಿ ಮಾತನಾಡುವುದಿಲ್ಲ.

ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ 21 ವರ್ಷದವರೆಗೆ ಕೊಡುವ ನೆರವಿಗೆ ಅನುಪಾಲನೆ ಎಂದು ಹೆಸರು. ಕಾಯ್ದೆಯ 46ನೆಯ ಕಲಮು ಇದಕ್ಕೆ ಆಧಾರವಾಗಿದ್ದು, 2016ರ ಮಾದರಿ ನಿಯಮಗಳು ವಿಶೇಷ ಸಂದರ್ಭಗಳಲ್ಲಿ ಇನ್ನೆರಡು ವರ್ಷ ವಿಸ್ತರಿಸಲು ಅವಕಾಶ ಕೊಟ್ಟಿವೆ. ಆರರಿಂದ ಎಂಟು ಮಂದಿ ಒಟ್ಟಿಗೆ ಇರುವ ತಾತ್ಕಾಲಿಕ ಸಮೂಹ ವಸತಿ, ತರಬೇತಿಯ ಅವಧಿಯಲ್ಲಿ ಭತ್ಯೆ, ನಿಯಮಿತವಾಗಿ ಸಂಪರ್ಕದಲ್ಲಿರುವ ಆಪ್ತಸಮಾಲೋಚಕರು, ಸ್ವಂತ ಉದ್ಯೋಗಕ್ಕೆ ಸಾಲದ ಏರ್ಪಾಡು ಎಲ್ಲವೂ ಆ ನಿಯಮಗಳಲ್ಲಿವೆ. ಬಿಡುಗಡೆಗೆ ಎರಡು ತಿಂಗಳು ಮೊದಲೇ ಮುಂದಿನ ಯೋಜನೆಯನ್ನು ಬರೆದು ಸಮಿತಿಗೆ ಸಲ್ಲಿಸಬೇಕೆಂದೂ ಅವು ಹೇಳುತ್ತವೆ. ಆದರೆ ಈ ನೆರವನ್ನು ಕಾಯ್ದೆ ಕಡ್ಡಾಯ ಹಕ್ಕಾಗಿ ವಿಧಿಸಿಲ್ಲ, ಮತ್ತು ಎರಡು ತಿಂಗಳೆಂಬುದು ಒಂದು ಜಾತಿ ಪ್ರಮಾಣಪತ್ರದ ಅರ್ಜಿ ನಾಡಕಚೇರಿಯಿಂದ ತಹಸೀಲ್ದಾರರ ಕಚೇರಿಗೆ ಓಡಾಡಿ ಮುಗಿಯುವುದಕ್ಕೂ ಕೆಲವೊಮ್ಮೆ ಸಾಲದ ಅವಧಿ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಅನುಪಾಲನೆಯ ವ್ಯಾಖ್ಯೆಯಲ್ಲಿ ಸಾಂಸ್ಥಿಕ ಪಾಲನೆಯಿಂದ ಹೊರಬಂದವರು ಮಾತ್ರ ಸೇರುತ್ತಾರೆ. ಮಗು ಸಂಸ್ಥೆಯಲ್ಲಿ ಬೆಳೆಯುವುದಕ್ಕಿಂತ ಕುಟುಂಬದಲ್ಲಿ ಬೆಳೆಯುವುದು ಮೇಲೆಂದು ಅದೇ ಕಾಯ್ದೆ ಒತ್ತಿ ಹೇಳುತ್ತದೆಯಾದರೂ, ಪೋಷಕ ಕುಟುಂಬವೊಂದರಲ್ಲಿ ಎಂಟು-ಹತ್ತು ವರ್ಷ ಬೆಳೆದ ಹುಡುಗಿಗೆ ಹದಿನೆಂಟು ತುಂಬಿದ ದಿನ ಆ ಕುಟುಂಬಕ್ಕೆ ಬರುತ್ತಿದ್ದ ಸಹಾಯಧನ ನಿಂತಾಗ, ಆಕೆಯನ್ನು ಮುಂದೆಯೂ ಉಳಿಸಿಕೊಳ್ಳುವುದು ಆ ಮನೆಯವರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗುತ್ತದೆ. ಇಂಗ್ಲೆಂಡು 2014ರಲ್ಲಿ, ಪೋಷಕ ಕುಟುಂಬವೂ ಯುವಜನರೂ ಒಪ್ಪಿದರೆ 21ರವರೆಗೆ ಅದೇ ಮನೆಯಲ್ಲಿ ಮುಂದುವರಿಯಲು ಸ್ಥಳೀಯ ಆಡಳಿತ ನೆರವಾಗಬೇಕೆಂದು ಕಾನೂನು ಮಾಡಿತು. ಕ್ಯಾಲಿಫೋರ್ನಿಯ ರಾಜ್ಯ 2012ರಿಂದ ಪೋಷಕತ್ವದ ಅವಧಿಯನ್ನೇ 21ಕ್ಕೆ ಹಂತಹಂತವಾಗಿ ಏರಿಸಿತು. ಇಲ್ಲಿ ಅಂಥ ತಿದ್ದುಪಡಿಗೆ ಹೆಚ್ಚಿನ ಹಣವೇನೂ ಬೇಕಾಗದು.

ಹಣದ ಲೆಕ್ಕ ಹೀಗಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ ಸ್ವಂತ ಅಥವಾ ಬಂಧುಗಳ ಕುಟುಂಬದಲ್ಲಿರುವ ಮಗುವಿಗೆ ಕೊಡುವ ಪ್ರಾಯೋಜಕತ್ವ, ಪೋಷಕತ್ವ, ಅನುಪಾಲನೆ ಮೂರಕ್ಕೂ ತಿಂಗಳಿಗೆ ತಲಾ 4,000 ರೂಪಾಯಿ ನಿಗದಿಯಾಗಿದೆ. ಕೋವಿಡ್‌ನಿಂದ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಘೋಷಣೆಯಾದ ಪಿಎಂ ಕೇರ್ಸ್ ಯೋಜನೆಯಲ್ಲಿ 18ರಿಂದ 23ರವರೆಗೆ ಮಾಸಿಕ ಭತ್ಯೆ, 23ಕ್ಕೆ 10 ಲಕ್ಷ ರೂಪಾಯಿ ಇದೆ. ಅಪಘಾತದಲ್ಲಿ, ಕ್ಷಯದಲ್ಲಿ, ಕುಡಿತದ ಮನೆಯಲ್ಲಿ ಹೆತ್ತವರನ್ನು ಕಳೆದುಕೊಂಡ ಮಗುವಿಗೆ ಆ ಭಾಗ್ಯವಿಲ್ಲ. ದುಃಖಗಳ ನಡುವೆ ಹೀಗೆ ದರ್ಜೆ ಮಾಡಿದ್ದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಹಾಗಿದ್ದರೂ ಹಾಸನದಂಥ ಊರಿನಲ್ಲಿ 4,000 ರೂಪಾಯಿಗೆ ಇನ್ನೊಬ್ಬರೊಂದಿಗೆ ಹಂಚಿಕೊಂಡ ಕೋಣೆಯೊಂದು ದೊರೆಯದೆ ಇರುವುದಿಲ್ಲ. ಅದನ್ನು ಬಾಡಿಗೆಗೆ ಕೊಡುವವರು ಕೇಳುವ ಪ್ರಶ್ನೆಗಳಲ್ಲಿ ನಿಜವಾದ ಅಡ್ಡಿಯಿದೆ.

ಯಾವ ಊರು, ಯಾರ ಮಗ, ಯಾವ ಜನ, ಅಪ್ಪ ಏನು ಮಾಡುತ್ತಾರೆ, ಇಲ್ಲಿ ಗೊತ್ತಿರುವವರು ಯಾರಿದ್ದಾರೆ ಎಂಬ ಐದು ಪ್ರಶ್ನೆಗಳನ್ನು ಕೇಳದೆ ಮನೆ ಬಾಡಿಗೆಗೆ ಕೊಡುವ ಮಾಲೀಕರು ಈ ಸೀಮೆಯಲ್ಲಿ ವಿರಳ. ಮುಂಗಡ ಹಣವನ್ನು ಹೇಗಾದರೂ ಹೊಂದಿಸಬಹುದು, ಬಾಡಿಗೆ ಕರಾರಿನ ಹನ್ನೊಂದು ತಿಂಗಳ ಛಾಪಾ ಕಾಗದವನ್ನೂ ಬರೆಸಬಹುದು. ಆದರೆ ಹೇಳಿಕೊಳ್ಳಲು ಊರಿಲ್ಲದ, ಹೊಣೆ ನಿಲ್ಲಲು ಚಿಕ್ಕಪ್ಪನೋ ಸೋದರಮಾವನೋ ಇಲ್ಲದ ಹತ್ತೊಂಬತ್ತರ ಹುಡುಗನಿಗೆ ಮೂರನೆಯ ಪ್ರಶ್ನೆಯ ಹೊತ್ತಿಗೇ ಬಾಗಿಲು ಮುಚ್ಚಿರುತ್ತದೆ. ಹುಡುಗಿಯಾದರೆ ಅನುಮಾನ ಇಮ್ಮಡಿ. ವಿಳಾಸವಿಲ್ಲದೆ ಪಡಿತರ ಚೀಟಿಯಾಗದು, ಮತದಾರರ ಪಟ್ಟಿಗೆ ಸೇರುವುದು ಕಷ್ಟವಾಗುತ್ತದೆ, ಆಧಾರ್‌ನಲ್ಲಿ ಬಾಲಮಂದಿರದ ವಿಳಾಸವೇ ಉಳಿದು ಕೆಲಸದ ಅರ್ಜಿಯಲ್ಲಿ ಹಿನ್ನೆಲೆ ಬಯಲಾಗುತ್ತದೆ. ನೆರವಿನ ಯೋಜನೆಗಳು ವಿಳಾಸವನ್ನು ಕೇಳುತ್ತವೆ. ವಿಳಾಸ ಕೊಡಬಲ್ಲ ಮನೆ ಮಾತ್ರ ಪರಿಚಯವನ್ನು ಕೇಳುತ್ತದೆ. ಈ ಯುವಜನರಿಗೆ ಮೊದಲು ಬೇಕಾಗಿರುವುದು ಜಾಮೀನು ನಿಲ್ಲುವ ಒಬ್ಬ ಮನುಷ್ಯ ಅಥವಾ ಒಂದು ಕಚೇರಿ, ಅದನ್ನು ಒದಗಿಸುವ ಮಾತು ಯಾವ ಮಾರ್ಗಸೂಚಿಯಲ್ಲೂ ಒತ್ತಿ ಬಂದಿಲ್ಲ.

ಹಳೆಯ ಮೈಸೂರು ಸೀಮೆಗೆ ಮನೆಯಿಲ್ಲದ ಹುಡುಗರನ್ನು ಓದಿಸಿದ ದೊಡ್ಡ ಪರಂಪರೆಯೇ ಇದೆ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದ ವಾರಾನ್ನದ ಪದ್ಧತಿ, ಆಮೇಲೆ ಬಂದ ಜಾತಿವಾರು ಉಚಿತ ವಿದ್ಯಾರ್ಥಿನಿಲಯಗಳು, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ತುಮಕೂರಿನ ಸಿದ್ಧಗಂಗಾ ಮಠ, ಇವೆಲ್ಲ ಸರ್ಕಾರಕ್ಕಿಂತ ಮೊದಲೇ ಈ ಕೆಲಸಕ್ಕೆ ಕೈಹಾಕಿದ್ದವು. ಆದರೆ ವಾರಾನ್ನವೂ ಯಾರ ಮಗನೆಂಬ ಪ್ರಶ್ನೆಗೆ ಉತ್ತರವಿದ್ದವನಿಗೇ ಸಿಗುತ್ತಿತ್ತು. ಇಂದಿನ ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲುಗಳಿಗೂ, ಹಾಸ್ಟೆಲು ಸಿಗದವರಿಗೆ ಹತ್ತು ತಿಂಗಳು ಮಾಸಿಕ ಸಹಾಯಧನ ಕೊಡುವ ವಿದ್ಯಾಸಿರಿ ಯೋಜನೆಗೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ತಂದೆ ಯಾರೆಂದೇ ತಿಳಿಯದವನಿಗೆ ಅದನ್ನು ಬರೆದುಕೊಡುವವರು ಯಾರು ಎಂಬ ಗೋಜಲು ಉಳಿಯುತ್ತದೆ. ಅನಾಥರಿಗೆ ಪ್ರತ್ಯೇಕವಾಗಿ ಶೇಕಡ 1ರ ಮೀಸಲಾತಿಯನ್ನು 2018ರಲ್ಲಿ ತಂದ ಮಹಾರಾಷ್ಟ್ರ ಈ ಗಂಟನ್ನು ಸ್ವಲ್ಪಮಟ್ಟಿಗೆ ಬಿಡಿಸಿತು. ಇನ್ನು ಹಾಸ್ಟೆಲಿನ ಸೂರು ಓದಿಗೆ ಕಟ್ಟಿದ ಸೂರು, ಪಿಯುಸಿಯಲ್ಲಿ ನಪಾಸಾದವನು ಪುಸ್ತಕದೊಂದಿಗೆ ಹಾಸಿಗೆಯನ್ನೂ ಬಿಡಬೇಕಾಗುತ್ತದೆ.

ಓದು ಬಿಟ್ಟವರಿಗೆ ಕೆಲವು ದಾರಿಗಳಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು 18 ತುಂಬಿದವರಿಗೆ ಊಟ-ವಸತಿ ಸಹಿತ ಉಚಿತವಾಗಿ ಹೊಲಿಗೆ, ಮೊಬೈಲ್ ರಿಪೇರಿ, ವೈರಿಂಗ್ ಮುಂತಾದವನ್ನು ಕಲಿಸುತ್ತವೆ. ಹಾಸನದ ಜವಳಿ ಮತ್ತು ಗಾರ್ಮೆಂಟ್ ಘಟಕಗಳು ಹೆಚ್ಚು ಓದದ ಹೆಣ್ಣುಮಕ್ಕಳಿಗೂ ಕೆಲಸ ಕೊಡುತ್ತವೆ. ಕೇಂದ್ರದ ನೆರವಿನಿಂದ ನಡೆಯುವ ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯಗಳಲ್ಲಿ ಒಬ್ಬರೇ ಇರುವ ಕೋಣೆಗೆ ಸಂಬಳದ ಶೇಕಡ 15, ಇಬ್ಬರಿರುವ ಕೋಣೆಗೆ ಶೇಕಡ 10, ಹಲವರು ಮಲಗುವ ಹಜಾರಕ್ಕೆ ಶೇಕಡ 7.5ಕ್ಕಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳಬಾರದೆಂಬ ನಿಯಮವನ್ನು ಮಾಡಿದ್ದುಂಟು. ಅಂಥ ನಿಯಮ ಗಂಡುಮಕ್ಕಳ ಪಾಲಿಗಿಲ್ಲ.

ಯಾವುದೂ ದಕ್ಕದಿದ್ದರೆ ಉಳಿಯುವುದು ನಗರದ ವಸತಿರಹಿತರ ಆಶ್ರಯ ಕೇಂದ್ರ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಗಾಗುವ ಒಂದು ಆಶ್ರಯ ಇರಬೇಕಿತ್ತು, ತಲೆಗೆ ಕನಿಷ್ಠ 50 ಚದರಡಿ ಜಾಗವಿರಬೇಕಿತ್ತು. ರಾತ್ರಿಯ ಮಳೆಗೆ ಅದು ಸರಿ; ವೃದ್ಧರು, ರೋಗಿಗಳು, ವಲಸೆ ಕಾರ್ಮಿಕರ ನಡುವೆ ಹತ್ತೊಂಬತ್ತರ ಹುಡುಗ ತಿಂಗಳುಗಟ್ಟಲೆ ಇರಬೇಕಾದ ಜಾಗವಲ್ಲ. ಬೀದಿಯಲ್ಲಿ ಕೈಚಾಚಿದ್ದು ಕಂಡರಂತೂ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಅವನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಬೇಕಾಗುತ್ತದೆ.

ಸಮೂಹ ವಸತಿ ಈ ಎಲ್ಲದಕ್ಕಿಂತ ಅಗ್ಗವೂ ಹೌದು, ಮಾಡಬಹುದಾದದ್ದೂ ಹೌದು. ವಿಮಾನ ನಿಲ್ದಾಣದ ಯೋಜನೆಯಿಂದ ಹೆಸರಾದ ಬೂವನಹಳ್ಳಿಯಂಥ, ಹಾಸನಕ್ಕೆ ಅಂಟಿಕೊಂಡ ಹಳ್ಳಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕವೋ ನೋಂದಾಯಿತ ಸಂಸ್ಥೆಯೋ ತನ್ನ ಹೆಸರಿನಲ್ಲಿ ಕರಾರು ಮಾಡಿಕೊಂಡರೆ ಮಾಲೀಕನ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ ಹುಡುಗರ ಮೇಲಿರುವುದಿಲ್ಲ. ಆರು ಮಂದಿಯ 4,000 ರೂಪಾಯಿಗಳು ಸೇರಿ 24,000 ಆಗುತ್ತದೆ, ಅದರಲ್ಲಿ ಬಾಡಿಗೆ, ಅಕ್ಕಿ-ಬೇಳೆ, ಗ್ಯಾಸು ಕಳೆದರೂ ಬಸ್ಸಿನ ಖರ್ಚಿಗೆ ಉಳಿದೀತು. ಆ ವಿಳಾಸದಲ್ಲಿ ಒಂದೆರಡು ವರ್ಷ ಕಳೆದು ಆಧಾರ್, ಬ್ಯಾಂಕ್ ಖಾತೆ, ಸಂಬಳದ ಚೀಟಿ ಕೈಗೆ ಬಂದ ಮೇಲೆ ಬೇರೆ ಮನೆ ಹುಡುಕುವಾಗ ಹಿಂದಿನ ಮಾಲೀಕನ ಹೆಸರೊಂದನ್ನಾದರೂ ಹೇಳಬಹುದು. ಇದರ ಸಿದ್ಧತೆ ಹದಿನಾರನೆಯ ವರ್ಷದಲ್ಲೇ, ಪ್ರತಿ ಮಗುವಿಗೂ ಬರೆಯಬೇಕಾದ ವೈಯಕ್ತಿಕ ಆರೈಕೆ ಯೋಜನೆಯ ಕಡತದಲ್ಲಿ ಶುರುವಾಗಬೇಕು. ಈಗಾಗಲೇ ಹೊರಬಂದು ನೆಲೆ ತಪ್ಪಿದವರ ವಯಸ್ಸು 21 ದಾಟಿರದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ಅನುಪಾಲನೆಗಾಗಿ ಅರ್ಜಿ ಕೊಡಬಹುದು. 1098 ಸಹಾಯವಾಣಿ ಹದಿನೆಂಟರೊಳಗಿನವರಿಗೆ ಮೀಸಲಾದುದರಿಂದ ಇವರು ನೇರವಾಗಿ ಕಚೇರಿಗೇ ಹೋಗಬೇಕು, ಹೋಗುವಾಗ ಸಂಸ್ಥೆಯಿಂದ ಬಿಡುಗಡೆಯಾದ ಆದೇಶದ ಪ್ರತಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.