ಸೈಕಲ್ಲಿನ ಫೋರ್ಕು ಅಳೆಯೋಣ

ಸೈಕಲ್ಲಿನ ಮುಂದಿನ ಗಾಲಿ ನೋಡಿ. ಎರಡೂ ಪಕ್ಕ ಒಂದೊಂದು ಕೊಳವೆ ಇದೆ. ಮೇಲೆ ಎರಡೂ ಸೇರಿವೆ. ಮರದ ಕವಲಿನ ಹಾಗೆ ಕಾಣುತ್ತೆ. ಇದೇ ಫೋರ್ಕು. ಗುಂಡಿಗೆ ಇಳಿದಾಗ ಮೊದಲ ಏಟು ತಿನ್ನುವುದು ಇದೇ. ಓಡುವಾಗ ಮುರಿದರೆ ನಾವು ಮುಖ ಅಡಿಯಾಗಿ ಬೀಳುತ್ತೇವೆ. ಸೈಕಲ್ ಎಲ್ಲಾದರೂ ಗುದ್ದಿದ್ದರೆ, ಇಲ್ಲವೇ ಹಳೇ ಸೈಕಲ್ ಕೊಳ್ಳುವುದಿದ್ದರೆ, ಫೋರ್ಕು ಅಳೆದು ನೋಡಬೇಕು.

ಫೋರ್ಕಿನ ತುದಿ ಸ್ವಲ್ಪ ಮುಂದಕ್ಕೆ ಬಾಗಿರುತ್ತೆ. ಅದು ಸೊಟ್ಟ ಅಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಅಳೆಯಲು ದಾರ, ಸಣ್ಣ ಕಲ್ಲು, ಸೀಮೆಸುಣ್ಣ, ಮಕ್ಕಳ ಸ್ಕೇಲು ಸಾಕು.

ಸಮ ನೆಲದಲ್ಲಿ ಸೈಕಲ್ ನಿಲ್ಲಿಸಿ. ಸ್ಟ್ಯಾಂಡ್ ಹಾಕಬೇಡಿ. ಒಬ್ಬರು ನೆಟ್ಟಗೆ ಹಿಡಿದುಕೊಳ್ಳಲಿ. ಎರಡೂ ಗಾಲಿಗೆ ಗಾಳಿ ತುಂಬಿರಲಿ, ಹ್ಯಾಂಡಲ್ ನೇರ ಇರಲಿ. ದಾರಕ್ಕೆ ಕಲ್ಲು ಕಟ್ಟಿ. ಮುಂದಿನ ಗಾಲಿಯ ನಡುವಿನ ನಟ್ಟಿನಿಂದ ಇಳಿಬಿಡಿ. ಗಾರೆಯವರು ಗೋಡೆ ನೋಡಲು ಗುಂಡು ಇಳಿಬಿಡ್ತಾರಲ್ಲ, ಹಾಗೆ. ಕಲ್ಲು ನೆಲ ಮುಟ್ಟುವ ಕಡೆ ಒಂದು ಗುರುತು ಹಾಕಿ.

ಹ್ಯಾಂಡಲ್ ಕೆಳಗೆ ಓರೆಯಾದ ದಪ್ಪ ಕೊಳವೆ ಇದೆ. ಫೋರ್ಕಿನ ಮೇಲ್ಭಾಗ ಅದರೊಳಗೇ ತಿರುಗುವುದು. ಆ ಕೊಳವೆಯ ಪಕ್ಕದ ನಡುಮಧ್ಯಕ್ಕೆ ದಾರ ಹಿಡಿಯಿರಿ. ಅದೇ ಓರೆಯಲ್ಲಿ ನೆಲದವರೆಗೂ ಬಿಗಿಯಾಗಿ ಎಳೆಯಿರಿ. ಅಲ್ಲಿ ಎರಡನೇ ಗುರುತು ಹಾಕಿ.

ಎರಡನೇ ಗುರುತು ಮೊದಲನೆಯದಕ್ಕಿಂತ ಮುಂದೆ ಇರಬೇಕು. ಸಾಮಾನ್ಯವಾಗಿ ಸುಮಾರು 2 ಇಂಚು ಅಂತರ. ಸೈಕಲ್ಲಿಗೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತೆ. ಗಾಲಿ ನೇರ ಓಡಲು ಈ ಅಂತರ ನೆರವಾಗುತ್ತೆ. ಎತ್ತಿನ ಹಿಂದೆ ಗಾಡಿ ಬರುವ ಹಾಗೆ, ಗಾಲಿ ಆ ಓರೆ ಗೆರೆಯ ಹಿಂದೆ ಬರುತ್ತೆ.

ಸೈಕಲ್ ಎದುರಿಗೆ ಗುದ್ದಿದರೆ ಫೋರ್ಕಿನ ತುದಿ ಹಿಂದಕ್ಕೆ ಬಾಗುತ್ತೆ. ಆಗ ಅಂತರ ಜಾಸ್ತಿಯಾಗುತ್ತೆ. ಹ್ಯಾಂಡಲ್ ಭಾರ ಅನಿಸುತ್ತೆ. ಕಾಲಿನ ತುದಿ ಮಡ್‌ಗಾರ್ಡಿಗೆ ತಾಗಬಹುದು. ಅದಕ್ಕೇ, ಸೈಕಲ್ ಚೆನ್ನಾಗಿರುವಾಗಲೇ ಅಳೆದು ಇಡಿ. ಬರೆಯೋದು ಈಗ ನಮಗೆ ಬರುತ್ತಲ್ಲ! ಪುಸ್ತಕದಲ್ಲಿ ತಾರೀಖು ಹಾಕಿ, ಎಷ್ಟು ಇಂಚು ಎಂದು ಬರೆಯಿರಿ. ಬಿದ್ದ ಮೇಲೆ ಮತ್ತೆ ಅಳೆದರೆ ವ್ಯತ್ಯಾಸ ತಿಳಿಯುತ್ತೆ.

ಫೋರ್ಕು ಪಕ್ಕಕ್ಕೂ ಬಾಗಿರಬಹುದು. ಟೈರಿಗೂ ಎಡ ಬಲದ ಕೊಳವೆಗಳಿಗೂ ನಡುವಿನ ಜಾಗ ಅಳೆಯಿರಿ. ಎರಡೂ ಒಂದೇ ಇರಬೇಕು. ಇಲ್ಲದಿದ್ದರೆ ಗಾಲಿ ಬಿಚ್ಚಿ, ಎಡ ಬಲ ತಿರುಗಿಸಿ ಹಾಕಿ. ಕಡಿಮೆ ಜಾಗ ಆ ಕಡೆಯಿಂದ ಈ ಕಡೆಗೆ ಬಂದರೆ ದೋಷ ಗಾಲಿಯದು. ಅಲ್ಲೇ ಉಳಿದರೆ ಫೋರ್ಕಿನದು.

ಕೊನೆಗೆ, ಎರಡು ಕೊಳವೆ ಸೇರುವ ಜಾಗ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣ ಸುಕ್ಕುಗಟ್ಟಿದೆಯೇ? ಕೂದಲೆಳೆಯಂಥ ಬಿರುಕು ಇದೆಯೇ? ಇದ್ದರೆ ಆ ಸೈಕಲ್ ಏರಬೇಡಿ, ತಳ್ಳಿಕೊಂಡೇ ಅಂಗಡಿಗೆ ಹೋಗಿ. "ಬಡಿದು ನೆಟ್ಟಗೆ ಮಾಡ್ಕೊಡ್ತೀನಿ" ಅಂದರೆ ಒಪ್ಪಬೇಡಿ. ಬಿರುಕು ಬಿಟ್ಟ ಫೋರ್ಕು ತೆಗೆಸಿ, ಹೊಸದನ್ನೇ ಹಾಕಿಸಿ.